ಗುಂಡಿ ತೋಡಿದಾಗ ಸಿಕ್ಕ ಗುಂಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮೆಟಲ್ ಡಿಟೆಕ್ಟರ್ ಹಿಡಿದು ಹೊಲ ಸುತ್ತುವವರು ಹೋಗುವುದು ನಾಣ್ಯದ ಆಸೆಗೆ, ಬರುವುದು ಜೇಬು ತುಂಬ ಗುಂಡಿ ಹೊತ್ತು. ಅಂಗಿಯ ಗುಂಡಿಗೂ ನೆಲದ ಗುಂಡಿಗೂ ಕನ್ನಡದಲ್ಲಿ ಒಂದೇ ಪದ ಇರುವುದು ಈ ಹವ್ಯಾಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ಎದುರಿಗೆ ಸಿಕ್ಕವರು, ಪತ್ರ ಬರೆದವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಬ್ರಿಟನ್ ಮತ್ತು ಅಮೆರಿಕದವು. ಲೋಹದ ಗುಂಡಿಗಳು ರಾಶಿ ರಾಶಿ ಸಿಗುವುದೂ ಅಲ್ಲೇ, ಅವುಗಳ ಕಾಲ ಚೆನ್ನಾಗಿ ದಾಖಲಾಗಿರುವುದೂ ಅಲ್ಲೇ.

## ಮೊದಲ ಹೆಜ್ಜೆ

ದುಂಡಗೆ, ಚಪ್ಪಟೆಯಾಗಿ ಏನೋ ಸಿಕ್ಕಿದೆ. ನಾಣ್ಯವೋ ಗುಂಡಿಯೋ ಗೊತ್ತಾಗ್ತಿಲ್ಲ. ಹೇಗೆ ನೋಡಲಿ?

ತಿರುಗಿಸಿ ಹಿಂಬದಿ ನೋಡಿ. ನಡುವೆ ದಾರ ಪೋಣಿಸಿ ಹೊಲಿಯುವ ತಂತಿಯ ಕೊಂಡಿ ಇದ್ದರೆ ಮಾತೇ ಮುಗಿಯಿತು. ಎಷ್ಟೋ ಸಲ ನೇಗಿಲು ತಾಗಿ ಕೊಂಡಿ ಮುರಿದು ಹೋಗಿರುತ್ತದೆ. ಆಗ ಸರಿಯಾಗಿ ನಡುಮಧ್ಯೆ ಒಂದು ಸಣ್ಣ ಉಬ್ಬು, ಬೆಸುಗೆಯ ಬೂದು ಕಲೆ, ಇಲ್ಲವೇ ಎರಡು ಚುಕ್ಕೆ ಕಾಣಬೇಕು. ಬೆರಳಿನ ತುದಿಯಿಂದ ಸವರಿದರೆ ಕಣ್ಣಿಗಿಂತ ಮೊದಲು ಬೆರಳಿಗೇ ಗೊತ್ತಾಗುತ್ತದೆ. ಡಿಟೆಕ್ಟರಿನ ಪರದೆ ತೋರಿಸುವ ನಂಬರನ್ನು ಮಾತ್ರ ನಂಬಬೇಡಿ. ತಾಮ್ರದ ಚಪ್ಪಟೆ ಗುಂಡಿಯೂ ತಾಮ್ರದ ನಾಣ್ಯವೂ ಅದಕ್ಕೆ ಹೆಚ್ಚುಕಮ್ಮಿ ಒಂದೇ.

ಮುಂದುಗಡೆ ಒಂದು ಗೆರೆ ಕೂಡ ಇಲ್ಲ, ಪೂರ್ತಿ ಬೋಳು. ಇಂಥದಕ್ಕೂ ವಯಸ್ಸು ಹೇಳೋಕೆ ಆಗುತ್ತಾ?

ಆಗುತ್ತದೆ. ಹೊಸಬರು ಎಡವುವುದು ಇಲ್ಲೇ. ಮುಂಬದಿ ಇರುವುದು ಊರಿಗೆ ತೋರಿಸಲಿಕ್ಕೆ. ಅಲ್ಲಿನ ಹೂವು, ನಕ್ಷತ್ರ, ಸಿಂಹ ನೂರು ವರ್ಷ ಬಿಟ್ಟು ಮತ್ತೆ ಫ್ಯಾಷನ್ ಆಗಬಹುದು. ಹಿಂಬದಿ ಯಾರೂ ನೋಡದ ಜಾಗ. ಅಲ್ಲಿ ಕೆಲಸಗಾರ ತನ್ನ ಕಾಲದಲ್ಲಿ ಯಾವುದು ಸುಲಭವೋ ಅದನ್ನೇ ಮಾಡಿರುತ್ತಾನೆ. ಕೊಂಡಿ ಹೇಗೆ ಕೂತಿದೆ, ಎರಕ ಹೊಯ್ದದ್ದೋ ತಗಡು ಒತ್ತಿದ್ದೋ, ಅಕ್ಷರ ಇದೆಯೋ ಇಲ್ಲವೋ, ಇವು ಸುಳ್ಳು ಹೇಳುವುದು ಬಹಳ ಕಡಿಮೆ. ಗುಂಡಿಯ ಜಾತಕ ಇರುವುದು ಅದರ ಬೆನ್ನ ಮೇಲೆ.

ಒಂದಡಿ ಆಳದಲ್ಲಿ ಸಿಕ್ತು. ಹಾಗಾದ್ರೆ ತುಂಬಾ ಹಳೇದು ಅಲ್ವಾ?

ಅಲ್ಲ. ಉಳುಮೆ ಆದ ಹೊಲದಲ್ಲಿ ಎಲ್ಲವೂ ವರ್ಷವರ್ಷ ಮೇಲೆ ಕೆಳಗೆ ಆಗುತ್ತಲೇ ಇರುತ್ತದೆ. ಎರೆಹುಳ, ಇಲಿ, ಬೇರು, ಮಳೆ ಎಲ್ಲಕ್ಕೂ ಇದರಲ್ಲಿ ಪಾಲಿದೆ.

ಮಣ್ಣು ಮೆತ್ತಿಕೊಂಡಿದೆ. ನಿಂಬೆರಸ, ವಿನೆಗರ್ ಹಾಕಿ ಉಜ್ಜಲಾ?

ದಯವಿಟ್ಟು ಬೇಡ. ನಾನು ಒಂದನ್ನು ಹೀಗೇ ಕೊಂದಿದ್ದೇನೆ. ಅಂಚಿನಲ್ಲಿ ಮಿಣಿಮಿಣಿ ಹಳದಿ ಕಾಣುತ್ತಿತ್ತು. ಇನ್ನಷ್ಟು ಹೊಳೆಯಲಿ ಅಂತ ಹುಳಿ ಹಾಕಿ ಉಜ್ಜಿದೆ. ಐದು ನಿಮಿಷದಲ್ಲಿ ಹಳದಿ ಮಾಯ, ಕೆಳಗಿನ ಕೆಂಪು ತಾಮ್ರ ಹೊಸ ತಂಬಿಗೆಯ ಹಾಗೆ ಬೆತ್ತಲಾಗಿ ನಿಂತಿತು. ಆ ಹಳದಿ ನಿಜವಾದ ಚಿನ್ನದ ಲೇಪ. ಇನ್ನೂರು ವರ್ಷ ಮಣ್ಣಿನಲ್ಲಿ ಉಳಿದದ್ದು ನನ್ನ ಹಲ್ಲುಜ್ಜುವ ಬ್ರಶ್ಶಿಗೆ ಸೋತಿತು.

ಸರಿಯಾದ ದಾರಿ ನಿಧಾನದ್ದು. ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ. ಮೆತ್ತಗಾದ ಮಣ್ಣನ್ನು ಮರದ ಹಲ್ಲುಕಡ್ಡಿಯಿಂದ ಸ್ವಲ್ಪ ಸ್ವಲ್ಪವೇ ಎಬ್ಬಿಸಿ. ನೆರಳಲ್ಲಿ ಪೂರ್ತಿ ಒಣಗಿಸಿ. ಹಸಿರು ಪದರ ಗಟ್ಟಿಯಾಗಿ ನುಣುಪಾಗಿ ಇದ್ದರೆ ಮುಟ್ಟಬೇಡಿ, ಅದೇ ಗುಂಡಿಯ ಚರ್ಮ. ತಿಳಿಹಸಿರು ಪುಡಿ ಉದುರುತ್ತಿದ್ದರೆ ಮಾತ್ರ ತೇವದಿಂದ ದೂರ ಇಡಿ, ಬೇರೆ ಗುಂಡಿಗಳ ಜೊತೆ ಒಂದೇ ಡಬ್ಬಿಗೆ ಹಾಕಬೇಡಿ. ಸೀಸ ಬೆರೆತ ಬೂದು ಗುಂಡಿ ಮುಟ್ಟಿದ ಮೇಲೆ ಕೈ ತೊಳೆಯಿರಿ.

ತುಂಬಾ ಸವೆದಿದೆ, ಅಕ್ಷರ ಓದೋಕೆ ಆಗ್ತಿಲ್ಲ. ಏನಾದ್ರೂ ಉಪಾಯ ಇದೆಯಾ?

ಕೋಣೆ ಕತ್ತಲೆ ಮಾಡಿ. ಗುಂಡಿಯನ್ನು ಕಪ್ಪು ಬಟ್ಟೆಯ ಮೇಲೆ ಇಡಿ. ಮೊಬೈಲ್ ಟಾರ್ಚನ್ನು ಮೇಲಿಂದ ಬಿಡಬೇಡಿ. ಮೇಜಿನ ಮಟ್ಟಕ್ಕೆ ಇಳಿಸಿ, ಬೆಳಕು ಗುಂಡಿಯ ಮೈ ಸವರಿಕೊಂಡು ಹೋಗುವ ಹಾಗೆ ಹಿಡಿಯಿರಿ. ಈಗ ಗುಂಡಿಯನ್ನು ಗಡಿಯಾರದ ಮುಳ್ಳಿನ ಹಾಗೆ ಒಂದೊಂದೇ ಚೂರು ತಿರುಗಿಸಿ. ಒಂದು ಕೋನದಲ್ಲಿ 'ಎಲ್' ನೆರಳು ಏಳುತ್ತದೆ, ಇನ್ನೊಂದರಲ್ಲಿ 'ಡಿ'. ಕಂಡದ್ದನ್ನೆಲ್ಲ ಕಾಗದದ ಮೇಲೆ ವೃತ್ತ ಬರೆದು ಅದರದರ ಜಾಗದಲ್ಲೇ ಗುರುತು ಮಾಡಿ. ಇಪ್ಪತ್ತು ನಿಮಿಷಕ್ಕೆ 'ಲಂಡನ್' ಎದ್ದು ಬರುತ್ತದೆ. ಬೇರೆಯವರಿಗೆ ಫೋಟೋ ಕಳಿಸುವಾಗಲೂ ಇದೇ ಬೆಳಕು ಬಳಸಿ. ಮುಂದೆ, ಹಿಂದೆ, ಪಕ್ಕ, ಮೂರೂ ಕಡೆಯಿಂದ, ಪಕ್ಕದಲ್ಲೊಂದು ಸ್ಕೇಲ್ ಇಟ್ಟು ತೆಗೆಯಿರಿ.

ಗಾತ್ರ ನೋಡಿ ಏನಾದ್ರೂ ಹೇಳಬಹುದಾ?

ಬಟ್ಟೆಯ ಯಾವ ಭಾಗದ್ದು ಅಂತ ಅಂದಾಜು ಮಾಡಬಹುದು. 23ರಿಂದ 25 ಮಿಲಿಮೀಟರ್ ಆದರೆ ಕೋಟಿನ ಎದೆಯದು, 15ರ ಆಸುಪಾಸು ಆದರೆ ತೋಳಿನ ತುದಿಯದೋ ವೇಸ್ಟ್‌ಕೋಟಿನದೋ ಆಗಿರುತ್ತದೆ. ಗುಂಡಿ ವ್ಯಾಪಾರದ ಹಳೆ ಅಳತೆ ಲೈನ್. 40 ಲೈನ್ ಸೇರಿದರೆ ಒಂದು ಇಂಚು. 30 ಮಿಲಿಮೀಟರ್ ದಾಟಿದ, ತೆಳ್ಳಗಿನ, ಮುಂದೆ ಗೆರೆ ಮತ್ತು ಸುರುಳಿ ಕೆತ್ತಿದ ತಾಮ್ರದ ಬಿಲ್ಲೆ ಸಿಕ್ಕರೆ ಅದನ್ನು ಡ್ಯಾಂಡಿ ಬಟನ್ ಅನ್ನುತ್ತಾರೆ. 18ನೇ ಶತಮಾನದ ಕೊನೆಯ ಕೆಲವು ದಶಕಗಳ ಶೋಕಿ ಅದು.

## ಬೆನ್ನು ಓದುವುದು

ಕೊಂಡಿ ನೋಡಿ ಕಾಲ ಹೇಳ್ತಾರಲ್ಲ, ಅದು ಹೇಗೆ?

ಇದೊಂದು ಕಲಿತರೆ ಅರ್ಧ ಕೆಲಸ ಮುಗಿದ ಹಾಗೆ. ಸ್ವಲ್ಪ ನಿಧಾನವಾಗಿ ನೋಡೋಣ.

18ನೇ ಶತಮಾನದ ಮೊದಲ ಭಾಗದ ಎಷ್ಟೋ ಗುಂಡಿಗಳಲ್ಲಿ ಕೊಂಡಿ ಬೇರೆ, ಬಿಲ್ಲೆ ಬೇರೆ ಅಂತ ಇರಲಿಲ್ಲ. ಎರಡನ್ನೂ ಒಟ್ಟಿಗೆ ಎರಕ ಹೊಯ್ಯುತ್ತಿದ್ದರು. ಹಿಂದೆ ಪುಟ್ಟ ಗೋಪುರದ ಹಾಗೆ ಒಂದು ಉಬ್ಬು, ಅದಕ್ಕೆ ಅಡ್ಡಲಾಗಿ ಕೊರೆದ ತೂತು. ಅಚ್ಚಿನ ಎರಡು ಭಾಗ ಕೂಡಿದ ಗೆರೆ ಬೆನ್ನಿನ ಮೇಲೆ ಈ ತುದಿಯಿಂದ ಆ ತುದಿವರೆಗೆ ಕಾಣುತ್ತದೆ.

ಆಮೇಲೆ ತಂತಿಯನ್ನು ಬಗ್ಗಿಸಿ, ಅಚ್ಚಿನೊಳಗೆ ನಿಲ್ಲಿಸಿ, ಸುತ್ತ ಲೋಹ ಹೊಯ್ಯುವ ಪದ್ಧತಿ ಬಂತು. ತಂತಿ ಒಂದು ಸಣ್ಣ ದಿಬ್ಬದಿಂದ ಹುಟ್ಟಿ ಬಂದ ಹಾಗಿರುತ್ತದೆ. ಜೊತೆಗೆ ಬೆನ್ನನ್ನು ಲೇತಿಗೆ ಕೊಟ್ಟು ನುಣುಪು ಮಾಡುತ್ತಿದ್ದರು. ಅದರ ಗುರುತು ಒಂದರೊಳಗೊಂದು ಉಂಗುರದಂಥ ನವಿರು ಗೆರೆಗಳು. ಇವನ್ನು ಕಂಡರೆ 18ನೇ ಶತಮಾನದ ಎರಡನೇ ಭಾಗ ಅಂತ ಧೈರ್ಯವಾಗಿ ಹೇಳಬಹುದು.

ಮುಂದೆ ತಗಡನ್ನು ಒತ್ತಿ ಬಿಲ್ಲೆ ಕತ್ತರಿಸಿ, ತಂತಿಯನ್ನು ಬೆಸೆಯುವುದು ಶುರುವಾಯಿತು. ತಂತಿಯ ಎರಡೂ ತುದಿ ಒಂದಕ್ಕೊಂದು ತಾಗಿಕೊಂಡು ಒಂದೇ ಕಡೆ ಬೆಸೆದಿದ್ದರೆ ಆಲ್ಫಾ ಕೊಂಡಿ. ತುದಿಗಳು ಕುದುರೆ ಲಾಳದ ಹಾಗೆ ಅಗಲವಾಗಿ, ಪಾದ ಹೊರಕ್ಕೆ ಚಾಚಿ ಕೂತಿದ್ದರೆ ಒಮೆಗಾ ಕೊಂಡಿ. ಆಲ್ಫಾ ಹಳೆಯದು. ಒಮೆಗಾ ಸಾಮಾನ್ಯವಾಗಿ ಕಾಣುವುದು 1800ರ ಈಚೆಗೆ. ಇವೆರಡರ ನಡುವೆ ಗೋಡೆಯೇನೂ ಇಲ್ಲ, ಕೆಲವು ದಶಕ ಎರಡೂ ಒಟ್ಟಿಗೆ ಓಡಿವೆ.

ಇನ್ನೊಂದು ಜಾತಿಗೆ ಲೋಹದ ಕೊಂಡಿಯೇ ಇಲ್ಲ. ಹಿಂದೆ ದುಂಡು ತೂತು, ಒಳಗೆ ಎಂದೋ ಬಟ್ಟೆಯ ಗಂಟು ಇತ್ತು. ಸ್ಯಾಂಡರ್ಸ್ ಮನೆತನದವರು ಇಂಗ್ಲೆಂಡಿನಲ್ಲಿ 1825ರಲ್ಲಿ ಈ ಬಟ್ಟೆ ಕೊಂಡಿಗೆ ಪೇಟೆಂಟ್ ಪಡೆದರು. ಮಣ್ಣಿನಲ್ಲಿ ಬಟ್ಟೆ ಕರಗಿ, ತೂತು ಮಾತ್ರ ಉಳಿದಿರುತ್ತದೆ.

ನಂದು ಹಸಿರಾಗಿಲ್ಲ, ಬೆಳ್ಳಗಿದೆ. ಬೆಳ್ಳಿನಾ?

ಬಹುಪಾಲು ಅಲ್ಲ. ಎರಕದ ಕೊಂಡಿ ಇರುವ, ಬೂದು ಬಿಳಿಯ, ಗಟ್ಟಿ, ಅಷ್ಟಾಗಿ ತುಕ್ಕೇ ಹಿಡಿಯದ ಚಪ್ಪಟೆ ಗುಂಡಿ ಟೋಂಬ್ಯಾಕ್ ಆಗಿರುತ್ತದೆ. ತಾಮ್ರ ಮತ್ತು ಸತುವಿನ ಮಿಶ್ರಣ, ಬಿಳುಪು ಬರಲಿ ಅಂತ ಸ್ವಲ್ಪ ಆರ್ಸೆನಿಕ್ ಕೂಡ. 18ನೇ ಶತಮಾನದ್ದು. ನನಗೆ ಬಹಳ ಇಷ್ಟವಾದ ಜಾತಿ ಇದು. ಮೊನ್ನೆ ಬಿದ್ದ ಹಾಗೆ ಮಣ್ಣಿನಿಂದ ಎದ್ದು ಬರುತ್ತದೆ. ಮೆತ್ತಗಿದ್ದು, ಉಗುರಿಗೆ ಗೀರು ಬಿದ್ದು, ಅಂಚು ತಿಂದು ಹೋದ ಹಾಗಿದ್ದರೆ ಪ್ಯೂಟರ್, ಅಂದರೆ ತವರ ಮುಖ್ಯವಾಗಿರುವ ಮಿಶ್ರಣ. ಅದನ್ನು ಬಗ್ಗಿಸಲು ಹೋಗಬೇಡಿ, ಮುರಿಯುತ್ತದೆ. ಹಗುರವಾದ ಅಲ್ಯೂಮಿನಿಯಂ ಆದರೆ ಹೆಚ್ಚು ಹಳೆಯದಲ್ಲ. ಆ ಲೋಹವನ್ನು ಅಗ್ಗವಾಗಿ ತೆಗೆಯುವ ದಾರಿ ಕಂಡದ್ದೇ 1886ರಲ್ಲಿ.

ಹಿಂದೆ 'ಟ್ರೆಬಲ್ ಗಿಲ್ಟ್' ಅಂತ ಬರೆದಿದೆ. ಮೂರು ಪಟ್ಟು ಚಿನ್ನ ಇದೆಯಾ?

ಚಿನ್ನ ಇದೆ, ಆದರೆ ಕರಗಿಸಿ ಮಾರುವಷ್ಟು ಅಲ್ಲ. ನಾವು 'ಅದೆಲ್ಲ ಬರೀ ಗಿಲೀಟು' ಅನ್ನುತ್ತೇವಲ್ಲ, ಆ ಮಾತಿನ ಮೂಲ ಈ ಗಿಲ್ಟೇ. ಪಾದರಸದಲ್ಲಿ ಚಿನ್ನ ಕಲಸಿ ಗುಂಡಿಗೆ ಬಳಿದು, ಬೆಂಕಿಯ ಮೇಲೆ ಪಾದರಸ ಹಾರಿಸುತ್ತಿದ್ದರು. ಆ ಹೊಗೆ ಕುಡಿದ ಕೆಲಸಗಾರರ ಗತಿ ಬೇಡ. ಚಿನ್ನ ಕದಿಯುವ ತಯಾರಕರೂ ಇದ್ದರು. ಹಾಗಾಗಿ ಗಿಲ್ಟ್, ಪ್ಲೇಟೆಡ್ ಎಂಬ ಮಾತುಗಳನ್ನು ಮನಸ್ಸಿಗೆ ಬಂದ ಹಾಗೆ ಒತ್ತದಂತೆ ಬ್ರಿಟನ್ 1796ರಲ್ಲಿ ಕಾನೂನು ತಂದಿತು.

ನಿಮಗೆ ಇದರಿಂದ ಆಗುವ ಲಾಭ ಕಾಲದ್ದು. 'ಗಿಲ್ಟ್', 'ಬೆಸ್ಟ್ ಕ್ವಾಲಿಟಿ', 'ಸ್ಟ್ಯಾಂಡರ್ಡ್ ಕಲರ್', 'ವಾರಂಟೆಡ್', 'ಎಕ್ಸ್‌ಟ್ರಾ ರಿಚ್' ಮುಂತಾದ ಬಡಾಯಿ ಮಾತುಗಳಿರುವ ಚಪ್ಪಟೆ ಗುಂಡಿ ಬಹುತೇಕ 1790ರ ದಶಕದಿಂದ 1850ರ ಒಳಗಿನದು. 1840ರಲ್ಲಿ ಎಲ್ಕಿಂಗ್ಟನ್ ಕಂಪನಿಯವರು ವಿದ್ಯುತ್ತಿನಿಂದ ಲೇಪ ಕೊಡುವ ಪೇಟೆಂಟ್ ಪಡೆದ ಮೇಲೆ ಪಾದರಸದ ಕೆಲಸ ಕ್ರಮೇಣ ಹಿಂದೆ ಬಿತ್ತು. 'ಲಂಡನ್' ಅಂತ ಇದ್ದರೂ ಲಂಡನ್ನಿನದೇ ಅಂದುಕೊಳ್ಳಬೇಡಿ. ಆ ಕಾಲದ ಗುಂಡಿಗಳ ತವರು ಬರ್ಮಿಂಗ್‌ಹ್ಯಾಮ್.

ಎರಡು ತಗಡು ಸೇರಿಸಿ ಮಾಡಿದ ಹಾಗಿದೆ, ಒಳಗೆ ಟೊಳ್ಳು. ಯಾವ ಕಾಲ?

ಸೇರಿಸಿದ ರೀತಿ ನೋಡಿ. ಮುಂದಿನ ತಗಡಿನ ಅಂಚನ್ನು ಹಿಂದಿನ ತಗಡಿನ ಮೇಲೆ ಮಡಚಿ ಬಿಗಿ ಮಾಡಿದ್ದರೆ 19ನೇ ಶತಮಾನ ಅಥವಾ ಈಚಿನದು. ಈ ವಿಧಾನದ ಮೊದಲ ಪೇಟೆಂಟ್ ಬೆಂಜಮಿನ್ ಸ್ಯಾಂಡರ್ಸ್ ಅವರದು, 1813. ಮಡಿಕೆ ಇಲ್ಲದೆ ಬೆಸುಗೆಯಿಂದ ಕೂಡಿಸಿ, ಬೆನ್ನಲ್ಲಿ ಒಂದೆರಡು ಸಣ್ಣ ತೂತು ಇದ್ದರೆ ಅದು ಹಳೆಯದು. ಬೆಸೆಯುವಾಗ ಒಳಗಿನ ಬಿಸಿ ಗಾಳಿ ಹೊರಹೋಗಲಿ ಅಂತ ಬಿಟ್ಟ ತೂತುಗಳವು. 17ನೇ ಶತಮಾನದ ಕೊನೆಯಿಂದ 18ನೆಯದರ ಕೊನೆವರೆಗೆ ಹೀಗೆ ಮಾಡುತ್ತಿದ್ದರು. ಚೆಂಡಿನಷ್ಟು ದುಂಡಗಿದ್ದು ಅಲ್ಲಾಡಿಸಿದರೆ ಸದ್ದು ಬಂದರೆ ಗುಂಡಿ ಅಲ್ಲ, ದನದ ಗೆಜ್ಜೆ.

ನಾಲ್ಕು ತೂತು, ಸುತ್ತ ಯಾವುದೋ ದರ್ಜಿ ಹೆಸರು. ಬೆಲೆ ಬಾಳುತ್ತಾ?

ಇದು ಪ್ಯಾಂಟಿನ ಗುಂಡಿ. ಸೊಂಟಕ್ಕೆ ಬೆಲ್ಟ್ ಬರುವ ಮುಂಚೆ ಹೆಗಲಪಟ್ಟಿ ಸಿಕ್ಕಿಸುತ್ತಿದ್ದದ್ದು. 19ನೇ ಶತಮಾನದ ಎರಡನೇ ಭಾಗದಿಂದ 20ನೆಯದರ ಮೊದಲ ದಶಕಗಳವರೆಗೆ ಕೋಟಿಗಟ್ಟಲೆ ತಯಾರಾಗಿವೆ. ಹಣದ ಲೆಕ್ಕದಲ್ಲಿ ಏನೂ ಇಲ್ಲ. ಆದರೆ ದರ್ಜಿಯ ಹೆಸರು, ಊರು ಓದಲು ಬಂದರೆ ಆ ಊರಿನ ಹಳೆ ವ್ಯಾಪಾರ ಡೈರೆಕ್ಟರಿಯಲ್ಲಿ ಅವನ ಅಂಗಡಿ ಯಾವ ವರ್ಷದಿಂದ ಯಾವ ವರ್ಷದವರೆಗೆ ಇತ್ತು ಅಂತ ಹುಡುಕಬಹುದು. ರಾಜನ ಕಿರೀಟ ಇರುವ ಗುಂಡಿಗಿಂತ ಇದರ ಕಾಲವೇ ಎಷ್ಟೋ ಸಲ ನಿಖರ.

ಕಂಪನಿ ಹೆಸರು ಸ್ಪಷ್ಟವಾಗಿದೆ. ಕಂಪನಿ ಶುರುವಾದ ವರ್ಷವೇ ಗುಂಡಿಯ ವರ್ಷ ಅಂತ ತಗೋಬಹುದಾ?

ಬೇಡ, ಕಂಪನಿಗಳು ತಲೆಮಾರುಗಟ್ಟಲೆ ಬದುಕುತ್ತವೆ. ಲಂಡನ್ನಿನ ಫರ್ಮಿನ್ 17ನೇ ಶತಮಾನದಲ್ಲಿ ಶುರುವಾದದ್ದು. ಹೆಸರಿನ ರೂಪ ಹೇಗೆ ಬದಲಾಯಿತು ಅಂತ ನೋಡಬೇಕು. ಅಮೆರಿಕದ ವಾಟರ್‌ಬರಿಯ ಸ್ಕೋವಿಲ್ ಒಳ್ಳೆಯ ಉದಾಹರಣೆ. 'ಜೆ.ಎಂ.ಎಲ್. ಆಂಡ್ ಡಬ್ಲ್ಯು.ಎಚ್. ಸ್ಕೋವಿಲ್' ಅಂತ ಇದ್ದರೆ 1827ರಿಂದ 1840. 'ಸ್ಕೋವಿಲ್ಸ್ ಆಂಡ್ ಕೋ' ಆದರೆ 1840ರಿಂದ 1850. 'ಮ್ಯಾನುಫ್ಯಾಕ್ಚರಿಂಗ್ ಕಂಪನಿ' ಎಂದು ಸೇರಿದ್ದು 1850ರಿಂದ ಈಚೆಗೆ. ಬ್ರಿಟಿಷ್ ಹೆಸರಿನ ಕೊನೆಗೆ 'ಲಿಮಿಟೆಡ್' ಇದ್ದರೆ 1855ಕ್ಕಿಂತ ಹಿಂದೆ ಹೋಗಲಾರದು, ಆ ಕಾನೂನು ಬಂದದ್ದೇ ಆಗ. 'ಬಟನ್ಸ್ ಲಿಮಿಟೆಡ್' ಹುಟ್ಟಿದ್ದು 1907ರಲ್ಲಿ.

## ಸೈನ್ಯ, ಹಡಗು, ದೊಡ್ಡ ಮನೆ

ಕಿರೀಟ ಇದೆ. ಯಾವ ರಾಜ, ಯಾವ ರಾಣಿ?

ಕಿರೀಟದ ಕಮಾನು ನೋಡಿ. ನಡುವೆ ತಗ್ಗದೆ ಗುಮ್ಮಟದ ಹಾಗೆ ಮೇಲೆದ್ದಿದ್ದರೆ ಟ್ಯೂಡರ್ ಕಿರೀಟ, 1901ರಿಂದ 1952ರವರೆಗಿನ ರಾಜರ ಕಾಲ. ನಡುವೆ ತಗ್ಗಿದ್ದರೆ ರಾಣಿಯರದು. ಈಗ ತೊಡಕು ಬರುತ್ತದೆ. ವಿಕ್ಟೋರಿಯಾ ಕಾಲದ ಕಿರೀಟವೂ ತಗ್ಗು, 1953ರ ನಂತರದ ಎಲಿಜಬೆತ್ ಕಾಲದ್ದೂ ತಗ್ಗು. ಬೆನ್ನಿಗೆ ಹೋಗಿ. ಥಳಥಳ ಹೊಳೆಯುವ ಹಗುರ ಅಲ್ಯೂಮಿನಿಯಂ ಆಗಿದ್ದರೆ ಎಲಿಜಬೆತ್. ಚಾರ್ಲ್ಸ್ 2022ರಲ್ಲಿ ಮತ್ತೆ ಟ್ಯೂಡರ್ ಆಕಾರವನ್ನೇ ಆರಿಸಿಕೊಂಡಿದ್ದರಿಂದ ಮುಂದಿನ ತಲೆಮಾರಿನ ಹವ್ಯಾಸಿಗಳಿಗೆ ಇನ್ನೊಂದು ತಲೆನೋವು ಕಾದಿದೆ.

ಪೂರ್ತಿ ರಾಜಲಾಂಛನ ಇದ್ದರೆ ಇನ್ನೂ ಸುಲಭ. ಗುರಾಣಿಯಲ್ಲಿ ಫ್ರಾನ್ಸಿನ ಲಿಲ್ಲಿ ಹೂಗಳಿದ್ದರೆ 1801ಕ್ಕಿಂತ ಹಿಂದಿನದು. ಗುರಾಣಿಯ ನಡುವೆ ಇನ್ನೊಂದು ಪುಟ್ಟ ಗುರಾಣಿ ಇದ್ದು ಲಿಲ್ಲಿ ಇಲ್ಲದಿದ್ದರೆ 1801ರಿಂದ 1837. ಎರಡೂ ಇಲ್ಲದಿದ್ದರೆ ವಿಕ್ಟೋರಿಯಾ ಅಥವಾ ಈಚೆಗೆ.

ನಡುವೆ ಬರೀ ಒಂದು ನಂಬರ್ ಇದೆ. ಏನದು?

ಬ್ರಿಟಿಷ್ ಕಾಲಾಳು ರೆಜಿಮೆಂಟಿನ ಸಂಖ್ಯೆ ಇರಬಹುದು. ಗುಂಡಿಯ ಮೇಲೆ ರೆಜಿಮೆಂಟಿನ ನಂಬರ್ ಇರಲೇಬೇಕು ಅಂತ ಆದದ್ದು 1767ರಲ್ಲಿ. ಸಾಮಾನ್ಯ ಸಿಪಾಯಿಯ ಗುಂಡಿ ಪ್ಯೂಟರಿನದು, 1855ರಲ್ಲಿ ಅದು ಹಿತ್ತಾಳೆ ಆಯಿತು. 1871ರಲ್ಲಿ ಸಿಪಾಯಿಗಳಿಗೆಲ್ಲ ರಾಜಲಾಂಛನದ ಒಂದೇ ಗುಂಡಿ ಬಂತು. ಅಂದರೆ ಸಿಪಾಯಿಯ ನಂಬರಿನ ಹಿತ್ತಾಳೆ ಗುಂಡಿಗೆ ಸಿಗುವುದು ಹದಿನಾರೇ ವರ್ಷ. ಇಷ್ಟು ಕಿರಿದಾದ ಕಾಲ ಸಿಗುವುದು ಅಪರೂಪ. ಅಧಿಕಾರಿಗಳ ಗುಂಡಿ ಚಿನ್ನ ಅಥವಾ ಬೆಳ್ಳಿ ಲೇಪದ್ದು, ಅದರ ಮೇಲೆ ನಂಬರ್ 1881ರವರೆಗೂ ಉಳಿಯಿತು. ಆ ವರ್ಷ ರೆಜಿಮೆಂಟುಗಳಿಗೆ ನಂಬರ್ ಹೋಗಿ ಜಿಲ್ಲೆಗಳ ಹೆಸರು ಬಂತು.

ಲಂಗರಿನ ಚಿತ್ರ ಇದ್ದರೆ ನೌಕಾಪಡೆನೇ ಅಲ್ವಾ?

ಹಾಗೇನಿಲ್ಲ. ಹಡಗು ಕಂಪನಿ, ದೋಣಿ ಕ್ಲಬ್ಬು, ಮಕ್ಕಳ ಕೋಟು, ಎಲ್ಲದರಲ್ಲೂ ಲಂಗರು ಇರುತ್ತದೆ. ಬ್ರಿಟಿಷ್ ರಾಯಲ್ ನೇವಿ ಅಧಿಕಾರಿಗಳ ಗುಂಡಿಯಲ್ಲಿ ಲಂಗರಿನ ಮೇಲೆ ಕಿರೀಟ ಸೇರಿದ್ದು 1812ರಲ್ಲಿ.

ಹದ್ದು ಇದೆ, ಎದೆಯ ಗುರಾಣಿಯಲ್ಲಿ 'ಐ' ಅಕ್ಷರ. ಅಮೆರಿಕದ್ದಾ?

ಹೌದು, ಅಲ್ಲಿನ ಸೈನ್ಯದ್ದು. 'ಐ' ಅಂದರೆ ಇನ್‌ಫಂಟ್ರಿ (ಕಾಲಾಳು), 'ಸಿ' ಕ್ಯಾವಲ್ರಿ (ಕುದುರೆಪಡೆ), 'ಎ' ಆರ್ಟಿಲರಿ (ಫಿರಂಗಿಪಡೆ). 1854ರಲ್ಲಿ ಸಿಪಾಯಿಗಳಿಗೆ ಅಕ್ಷರ ಇಲ್ಲದ, ಗುರಾಣಿಯಲ್ಲಿ ಬರೀ ಗೆರೆಗಳಿರುವ ಹದ್ದು ಬಂತು. ಅಲ್ಲಿಂದ ಮುಂದೆ ಅಕ್ಷರ ಅಧಿಕಾರಿಗಳಿಗೆ ಮಾತ್ರ. 1902ರಲ್ಲಿ ಎಲ್ಲರಿಗೂ ದೇಶದ ಮುದ್ರೆಯ ಹದ್ದು. ಇನ್ನೂ ಹಿಂದೆ ಹೋದರೆ 1777ರ ಪ್ಯೂಟರ್ ಗುಂಡಿಗಳಲ್ಲಿ 'ಯುಎಸ್ಎ' ಅಕ್ಷರಗಳು ಒಂದರ ಮೇಲೊಂದು ಹೆಣೆದುಕೊಂಡಿವೆ.

ಒಂದು ಹಕ್ಕಿ, ಅದರ ಕೆಳಗೆ ತಿರುಚಿದ ಹಗ್ಗದ ಚೂರು. ಯಾವ ರೆಜಿಮೆಂಟು?

ರೆಜಿಮೆಂಟು ಅಲ್ಲ, ಲಿವರಿ ಗುಂಡಿ. ಶ್ರೀಮಂತರ ಮನೆಯ ಕುದುರೆಗಾಡಿ ಹೊಡೆಯುವವನು, ಬಾಗಿಲು ಕಾಯುವವನು ತೊಡುತ್ತಿದ್ದದ್ದು. ಮೇಲಿರುವುದು ಮನೆತನದ ಚಿಹ್ನೆ, ಹಗ್ಗದಂತೆ ಕಾಣುವುದು ಶಿರಸ್ತ್ರಾಣದ ಮೇಲಿನ ಬಟ್ಟೆಯ ಸಿಂಬೆ. ಒಂದೇ ಚಿಹ್ನೆಯನ್ನು ಹತ್ತಾರು ಮನೆತನ ಬಳಸುತ್ತಿದ್ದವು. ಹಾಗಾಗಿ ಗುಂಡಿ ಸಿಕ್ಕ ಜಾಗದ ಸುತ್ತ ಯಾವ ದೊಡ್ಡ ಮನೆ ಇತ್ತು ಅಂತ ಮೊದಲು ಹುಡುಕಿ, ಆಮೇಲೆ ಪುಸ್ತಕ ತೆರೆಯಿರಿ.

## ಗಂಟು ಬಿದ್ದ ಪ್ರಶ್ನೆಗಳು

ಬಟಾಣಿ ಗಾತ್ರದ ಗಟ್ಟಿ ಗುಂಡಿ ಸಿಕ್ಕಿದೆ. ಮಧ್ಯಯುಗದ್ದು ಅಂತ ಹೇಳಬಹುದಾ?

ಆತುರ ಬೇಡ, ಆದರೆ ಆಸೆ ಬಿಡಬೇಡಿ. ಯುರೋಪಿನ ಬಟ್ಟೆಗಳಲ್ಲಿ ಗುಂಡಿ, ಕಾಜಾ ಎರಡೂ ಸೇರಿ ಬಳಕೆಗೆ ಬಂದದ್ದು 13 ಮತ್ತು 14ನೇ ಶತಮಾನಗಳಲ್ಲಿ. ಆಗಿನವು ಪುಟ್ಟವು, ಗಟ್ಟಿ ಎರಕದವು, ಗೋಲಿಯ ಹಾಗೆ ದುಂಡಗೆ. 16ನೇ, 17ನೇ ಶತಮಾನದಲ್ಲೂ ಸಣ್ಣ ಗಟ್ಟಿ ಗುಂಡಿಗಳೇ ಜಾಸ್ತಿ, ಕೆಲವು ಓಕ್ ಕಾಯಿಯ ಆಕಾರದವು. ಒಂದೇ ಗುಂಡಿಯಿಂದ ಇವೆರಡನ್ನು ಬೇರ್ಪಡಿಸುವುದು ಪಳಗಿದವರಿಗೂ ಕಷ್ಟ. ಅದೇ ಹೊಲದಲ್ಲಿ ಸಿಕ್ಕ ನಾಣ್ಯಗಳ ಸಾಕ್ಷಿ ಬೇಕು.

ಎರಡು ಹೃದಯ, ಮೇಲೊಂದು ಕಿರೀಟ ಇರೋ ಸಣ್ಣ ಬೆಳ್ಳಿ ಬಿಲ್ಲೆ. ಪ್ರೇಮದ ಕಾಣಿಕೆನಾ?

ಒಂದು ಲೆಕ್ಕದಲ್ಲಿ ಹೌದು. ಇಂಗ್ಲೆಂಡಿನ ಎರಡನೇ ಚಾರ್ಲ್ಸ್ 1662ರಲ್ಲಿ ಪೋರ್ಚುಗಲ್ಲಿನ ಕ್ಯಾಥರೀನ್‌ಳನ್ನು ಮದುವೆಯಾದ. ಆ ಸಂಭ್ರಮಕ್ಕೆ ಇಂಥ ಚಿತ್ರದ ಗುಂಡಿಗಳು, ತೋಳಿನ ಜೋಡಿ ಗುಂಡಿಗಳು ಬಂದವು. ಸಾಮಾನ್ಯವಾಗಿ ಜೋಡಿಯಲ್ಲಿ ಒಂದೇ ಸಿಗುತ್ತದೆ.

ಅದು ಬೆಳ್ಳಿ ಆದರೆ ಸರ್ಕಾರಕ್ಕೆ ತಿಳಿಸಬೇಕಾ?

ಇಂಗ್ಲೆಂಡ್, ವೇಲ್ಸ್‌ನಲ್ಲಿ ಸಿಕ್ಕಿದ್ದರೆ ತಿಳಿಸಲೇಬೇಕು. 1996ರ ಟ್ರೆಜರ್ ಕಾಯ್ದೆಯ ಪ್ರಕಾರ 300 ವರ್ಷ ದಾಟಿದ, ಶೇಕಡ 10ಕ್ಕಿಂತ ಕಡಿಮೆ ಇಲ್ಲದಷ್ಟು ಬೆಳ್ಳಿ ಅಥವಾ ಚಿನ್ನ ಇರುವ ವಸ್ತು ನಿಧಿ. ಒಂಟಿ ನಾಣ್ಯಕ್ಕೆ ಇದರಿಂದ ಬಿಡುವು ಇದೆ, ಒಂಟಿ ಗುಂಡಿಗೆ ಇಲ್ಲ. ದೇಶದಿಂದ ದೇಶಕ್ಕೆ ಕಾನೂನು ಬೇರೆ. ಕೆಲವು ಕಡೆ ಅನುಮತಿ ಇಲ್ಲದೆ ಡಿಟೆಕ್ಟರ್ ಹಿಡಿಯುವುದೇ ಅಪರಾಧ. ಜಮೀನು ಯಾರದೋ ಅವರ ಒಪ್ಪಿಗೆ ಎಲ್ಲ ಕಡೆಯೂ ಬೇಕು.

ಕೊಂಡಿ ಒಂದು ಕಾಲ ಹೇಳುತ್ತೆ, ಚಿತ್ರ ಇನ್ನೊಂದು ಕಾಲ. ಯಾವುದನ್ನ ನಂಬಲಿ?

ಎಲ್ಲಕ್ಕಿಂತ ಈಚಿನ ಸುಳಿವು ಯಾವುದೋ ಅದೇ ಗೆಲ್ಲುತ್ತದೆ. ಮುಂದೆ 1790ರ ಶೈಲಿಯ ಹೂವು, ಹಿಂದೆ 'ಲಿಮಿಟೆಡ್' ಅಂತ ಇದ್ದರೆ ಅದು 1855ರ ನಂತರದ ಗುಂಡಿ, ಚಿತ್ರ ಮಾತ್ರ ಹಳೆಯ ನೆನಪು. ಉಲ್ಟಾ ಆಗಲಾರದು. ನಾಳೆ ಬರುವ ಕಾನೂನಿನ ಪದವನ್ನು ಇವತ್ತು ಯಾರೂ ಒತ್ತುವುದಿಲ್ಲ.

ಇನ್ನೊಂದು ವಿಷಯ. ತಯಾರಾದ ವರ್ಷ ಬೇರೆ, ಮಣ್ಣಿಗೆ ಬಿದ್ದ ವರ್ಷ ಬೇರೆ. ಕೋಟು ಹರಿದರೂ ಗುಂಡಿ ಕಿತ್ತು ಮುಂದಿನ ಕೋಟಿಗೆ ಹೊಲಿಯುತ್ತಿದ್ದರು. ಅಪ್ಪನ ಗುಂಡಿ ಮಗನ ಎದೆಯಿಂದ ಬಿದ್ದಿರಬಹುದು. ಹಳೆ ಸೈನ್ಯದ ಕೋಟುಗಳು ಹರಾಜಾಗಿ ಹೊಲದ ಕೂಲಿಯವರ ಮೈಮೇಲೂ ಬರುತ್ತಿದ್ದವು. ಒಂದು ಸೈನ್ಯದ ಗುಂಡಿ ಸಿಕ್ಕ ಕೂಡಲೇ 'ಇಲ್ಲಿ ಯುದ್ಧ ನಡೆದಿತ್ತು' ಅನ್ನುವವರಿಗೆ ನಾನು ಕೇಳುವುದು ಒಂದೇ: ಬಂದೂಕಿನ ಸೀಸದ ಗುಂಡು ಎಷ್ಟು ಸಿಕ್ಕವು?

1789ರ ವಾಷಿಂಗ್ಟನ್ ಗುಂಡಿ ಸಿಕ್ಕಿದೆ ಅನ್ಸುತ್ತೆ. ನಕಲಾ ಅಸಲಾ ಹೇಗೆ ನೋಡೋದು?

ಜಾರ್ಜ್ ವಾಷಿಂಗ್ಟನ್ ಅಧಿಕಾರ ಸ್ವೀಕರಿಸಿದಾಗಿನ ಗುಂಡಿಗಳಿಗೆ ಬೇಡಿಕೆ ಬಹಳ, ಹಾಗಾಗಿ ನಕಲೂ ಬಹಳ. ನಕಲಿನ ಕೆಲವು ಕೂಡ ಈಗ ನೂರು ವರ್ಷ ದಾಟಿ, ಮಣ್ಣು ತಿಂದು, ಅಸಲಿಯ ಹಾಗೆ ಕಾಣುತ್ತವೆ. ಅಸಲಿ ಚಪ್ಪಟೆ ತಾಮ್ರದ ಅಥವಾ ಹಿತ್ತಾಳೆಯ ಬಿಲ್ಲೆ, ಹಿಂದೆ ಬೆಸೆದ ತಂತಿ ಕೊಂಡಿ. ಬೆನ್ನಿನಲ್ಲಿ ಅಂಚು ಮಡಚಿದ ಎರಡು ತಗಡು ಕಂಡರೆ ಅಲ್ಲಿಗೇ ನಿಲ್ಲಿಸಿ. ಗೆರೆಗಳು ಚೂಪಾಗಿಲ್ಲದೆ ಸೋಪಿನ ಹಾಗೆ ಮೊಂಡಾಗಿದ್ದು, ಮೈಮೇಲೆ ಸೂಜಿಮೊನೆಯಷ್ಟು ಗುಳಿಗಳಿದ್ದರೆ ಇನ್ನೊಂದು ಗುಂಡಿಯಿಂದ ಅಚ್ಚು ತೆಗೆದು ಎರಕ ಹೊಯ್ದದ್ದು. ಇಷ್ಟೆಲ್ಲ ದಾಟಿತು ಅಂದರೆ ತೊಳೆಯದೆ, ಮಣ್ಣು ಸಮೇತ, ಬಲ್ಲವರ ಕೈಗೆ ಕೊಡಿ.